ಸರ್ನ್ ಓಪನ್ ಡೇಟಾ ಪೋರ್ಟಲ್: ಕಲಬುರಗಿಯ ಕಾಲೇಜಿನಲ್ಲಿ ಬಿ ಮೆಸಾನ್ ಎಣಿಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಫಿಸಿಕ್ಸ್ ಕಲಿಸುವವರು, ಬಿಎಸ್ಸಿ ಕೊನೆಯ ವರ್ಷದಲ್ಲೋ ಎಂಎಸ್ಸಿಯಲ್ಲೋ ಇರುವವರು ಕಣ ಭೌತಶಾಸ್ತ್ರದ ಪ್ರಯೋಗಾಲಯವಾದ ಸರ್ನ್‌ನ ಈ ಪೋರ್ಟಲ್ ಬಳಸಲೇಬೇಕು. ಒಂದು ಪೈಸೆ ಖರ್ಚಿಲ್ಲ. ಯಾರ ಶಿಫಾರಸು ಪತ್ರವೂ ಬೇಡ. ಜಿನೀವಾ ಹತ್ತಿರ ನೆಲದ ಕೆಳಗೆ ನಡೆದ ಪ್ರೋಟಾನ್ ಡಿಕ್ಕಿಗಳ ನಿಜವಾದ ಡೇಟಾ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಮಾದರಿ ಡೇಟಾ ಅಲ್ಲ, ಪಾಠಕ್ಕೆಂದು ಹೊಂದಿಸಿಟ್ಟ ಅಂಕಿಗಳೂ ಅಲ್ಲ. ವಿಜ್ಞಾನಿಗಳು ಯಾವುದರ ಮೇಲೆ ಪೇಪರ್ ಬರೆದರೋ ಅದೇ ಪ್ರಯೋಗದ ಡೇಟಾ.

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಲ್ಲಿ ಸುಮಾರು ಜನ ಜೇವರ್ಗಿ, ಸೇಡಂ, ಆಳಂದ, ಅಫಜಲಪುರ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ಇದೆ, ಜಿಎಂ ಕೌಂಟರ್ ಇದೆ. ಆದರೆ ಕಣ ಭೌತಶಾಸ್ತ್ರದ ಪಾಠ ಬಂದಾಗ ತೋರಿಸಲು ಏನೂ ಇರುವುದಿಲ್ಲ. ಬೋರ್ಡಿನ ಮೇಲೆ ಆರು ಕ್ವಾರ್ಕ್‌ಗಳ ಹೆಸರು, ಅದರ ಪಕ್ಕ ಸಿಕೆಎಂ ಮ್ಯಾಟ್ರಿಕ್ಸ್ ಎಂಬ ಕೋಷ್ಟಕ, ಒಂಬತ್ತು ಸಂಖ್ಯೆಗಳು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಆ ಒಂಬತ್ತು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ಕೇಳುವಂತೆ ನಾವು ಪಾಠ ಮಾಡುವುದೂ ಇಲ್ಲ. ನನಗೆ ಇದು ಬಹಳ ವರ್ಷಗಳಿಂದ ಚುಚ್ಚುತ್ತಿತ್ತು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಪ್ರೋಟಾನಿನಂಥ ಕಣಗಳ ಒಳಗಿರುವ ಮೂಲ ಕಣಗಳೇ ಕ್ವಾರ್ಕ್. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದರೆ ಮೆಸಾನ್; ಬಾಟಮ್ ಇರುವ ಮೆಸಾನೇ ಬಿ ಮೆಸಾನ್. ಕ್ವಾರ್ಕ್‌ಗಳು ದುರ್ಬಲ ಬಲದ ಮೂಲಕ ಒಂದರಿಂದ ಇನ್ನೊಂದಾಗಿ ಬದಲಾಗುತ್ತವೆ. ಬಾಟಮ್ ಕ್ವಾರ್ಕ್ ಹೆಚ್ಚಾಗಿ ಚಾರ್ಮ್ ಆಗುತ್ತದೆ, ಬಹಳ ಅಪರೂಪಕ್ಕೆ ಅಪ್ ಆಗುತ್ತದೆ. ಯಾವುದು ಯಾವುದಾಗುವ ಸಾಧ್ಯತೆ ಎಷ್ಟು ಎನ್ನುವುದನ್ನು ಆ ಮ್ಯಾಟ್ರಿಕ್ಸ್ ಹೇಳುತ್ತದೆ. 1963ರಲ್ಲಿ ಕ್ಯಾಬಿಬೊ ಒಂದು ಕೋನದಿಂದ ಶುರು ಮಾಡಿದರು. 1973ರಲ್ಲಿ ಜಪಾನಿನ ಕೊಬಯಾಶಿ ಮತ್ತು ಮಸ್ಕಾವಾ ಮೂರು ಪೀಳಿಗೆಯ ಕ್ವಾರ್ಕ್‌ಗಳಿದ್ದರೆ ಮೂರು ಕೋನಗಳ ಜೊತೆ ಒಂದು ಫೇಸ್ ಕೂಡ ಬರುತ್ತದೆ, ದ್ರವ್ಯಕ್ಕೂ ಪ್ರತಿದ್ರವ್ಯಕ್ಕೂ ವ್ಯತ್ಯಾಸ ಬರುವುದು ಅದರಿಂದಲೇ ಎಂದು ತೋರಿಸಿದರು. ಆಗ ಗೊತ್ತಿದ್ದದ್ದು ಮೂರೇ ಕ್ವಾರ್ಕ್! ಚಾರ್ಮ್ ಸಿಕ್ಕಿದ್ದು 1974ರಲ್ಲಿ, ಬಾಟಮ್ 1977ರಲ್ಲಿ, ಟಾಪ್ 1995ರಲ್ಲಿ. 2008ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಈ ಮ್ಯಾಟ್ರಿಕ್ಸಿನ ಸಂಖ್ಯೆಗಳನ್ನು ಯಾವ ಸಿದ್ಧಾಂತವೂ ಮುಂಚಿತವಾಗಿ ಹೇಳುವುದಿಲ್ಲ. ಅಳೆದೇ ತಿಳಿಯಬೇಕು. ಅವುಗಳಲ್ಲಿ ಹಲವನ್ನು ಅಳೆಯಲು ಬಾಟಮ್ ಅಥವಾ ಚಾರ್ಮ್ ಇರುವ ಭಾರವಾದ ಮೆಸಾನ್‌ಗಳು ಒಡೆಯುವುದನ್ನು ನೋಡಬೇಕು.

ಈಗ ಪೋರ್ಟಲ್ ವಿಷಯಕ್ಕೆ ಬರುತ್ತೇನೆ. 2014ರಲ್ಲಿ ಶುರುವಾದದ್ದು. ಸರ್ನ್‌ನಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರದ ಹೆಸರು ಎಲ್‌ಎಚ್‌ಸಿ. ಎಲ್‌ಎಚ್‌ಸಿಯ ದೊಡ್ಡ ಪ್ರಯೋಗಗಳ ಡೇಟಾ ಇದರಲ್ಲಿದೆ. ನನಗೆ ಬೇಕಿದ್ದದ್ದು ಬಾಟಮ್ ಕ್ವಾರ್ಕ್‌ಗೆಂದೇ ಕಟ್ಟಿದ ಎಲ್‌ಎಚ್‌ಸಿಬಿ ಪ್ರಯೋಗದ್ದು. 2022ರ ಕೊನೆಗೆ ಆ ಪ್ರಯೋಗದ ಮೊದಲ ಸುತ್ತಿನ ಡೇಟಾದಲ್ಲಿ ಸುಮಾರು 200 ಟೆರಾಬೈಟ್ ಹೊರಬಿಟ್ಟರು. ಅದು ಕಾಲೇಜಿನವರು ಮುಟ್ಟುವಂಥದ್ದಲ್ಲ. ನಮಗೆ ಬೇಕಾದದ್ದು ಅದಕ್ಕೂ ಮೊದಲಿನಿಂದ ಇರುವ ಒಂದು ಚಿಕ್ಕ ಕಟ್ಟು. 2011ರ ಡೇಟಾದಿಂದ ತೆಗೆದದ್ದು. ಚಾರ್ಜ್ ಇರುವ ಬಿ ಮೆಸಾನ್ ಮೂರು ಹಗುರ ಕಣಗಳಾಗಿ ಒಡೆದಂತೆ ಕಾಣುವ ಘಟನೆಗಳು ಅದರಲ್ಲಿವೆ. ಎರಡು ದೊಡ್ಡ ಫೈಲ್, ಒಂದು ಚಿಕ್ಕ ಸಿಮ್ಯುಲೇಷನ್ ಫೈಲ್, ಜೊತೆಗೆ ಪೈಥಾನಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದ ನೋಟ್‌ಬುಕ್. ಎರಡೂ ಫೈಲ್ ಸೇರಿ 85 ಲಕ್ಷಕ್ಕೂ ಜಾಸ್ತಿ ಘಟನೆಗಳು. ಲೈಸೆನ್ಸ್ ಪೂರ್ತಿ ಮುಕ್ತ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು.

ಇಳಿಸಿಕೊಳ್ಳುವುದೇ ನಮ್ಮ ಊರಿನಲ್ಲಿ ದೊಡ್ಡ ಕೆಲಸ. ಫೈಲುಗಳು ನೂರಾರು ಎಂಬಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ರಾತ್ರಿ ಮನೆಯಲ್ಲಿ ಇಳಿಸಿ, ಸೂಪರ್ ಮಾರ್ಕೆಟ್ ಕಡೆಯಿಂದ ತಂದ ಪೆನ್‌ಡ್ರೈವ್‌ಗಳಲ್ಲಿ ಹಾಕಿ ಎಲ್ಲರಿಗೂ ಕೊಟ್ಟೆ. ಲ್ಯಾಬಿನ ಹಳೆಯ ಕಂಪ್ಯೂಟರ್‌ಗಳಲ್ಲಿ 4 ಜಿಬಿ ರ್‍ಯಾಮ್ ಇರುವುದರಿಂದ ಫೈಲನ್ನು ಒಂದೇ ಸಲ ತೆರೆಯಬೇಡಿ, ತುಂಡು ತುಂಡಾಗಿ ಓದಿ. ಲೈನ್ ಚೆನ್ನಾಗಿಲ್ಲದವರು ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೋಲ್ಯಾಬ್ ಬಳಸಿ. ಆಗ ಫೈಲ್ ಸರ್ನ್‌ನಿಂದ ನೇರ ಗೂಗಲ್ ಕಂಪ್ಯೂಟರಿಗೆ ಹೋಗುತ್ತದೆ, ನಮ್ಮ ಲೈನಿನಲ್ಲಿ ಬರುವುದು ಚಿತ್ರ ಮತ್ತು ಅಂಕಿ ಮಾತ್ರ. ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಡೇಟಾ ತೆರೆದಾಗ ಕಾಣುವುದು ಬರೀ ಸಾಲು ಸಾಲು ಅಂಕಿಗಳು. ಪ್ರತಿ ಸಾಲಿನಲ್ಲಿ ಮೂರು ಕಣಗಳು. ಪ್ರತಿ ಕಣಕ್ಕೂ ಮೂರು ದಿಕ್ಕಿನ ಮೊಮೆಂಟಮ್, ಚಾರ್ಜ್, ಅದು ಕೇಯಾನ್ ಆಗಿರುವ ಸಾಧ್ಯತೆ, ಪಯಾನ್ ಆಗಿರುವ ಸಾಧ್ಯತೆ, ಮ್ಯುಆನ್ ಹೌದೋ ಅಲ್ಲವೋ. ಕೇಯಾನ್, ಪಯಾನ್ ಎರಡೂ ಹಗುರ ಮೆಸಾನ್‌ಗಳು; ಮ್ಯುಆನ್ ಅಂದರೆ ಎಲೆಕ್ಟ್ರಾನಿನ ಭಾರವಾದ ಸೋದರ ಕಣ. ದ್ರವ್ಯರಾಶಿ ಇಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು. ಮೂರೂ ಕೇಯಾನ್ ಎಂದು ಹಿಡಿದು, ಒಂದೊಂದಕ್ಕೆ 493.7 ಎಂಇವಿ (ಕಣಗಳ ದ್ರವ್ಯರಾಶಿ ಹೇಳುವ ಮಾನ) ಹಾಕಿ, ಶಕ್ತಿ ಕೂಡಿಸಿ, ಮೊಮೆಂಟಮ್ ಕೂಡಿಸಿ, ಮೂಲ ಕಣದ ದ್ರವ್ಯರಾಶಿ ತೆಗೆಯಬೇಕು. ಎರಡನೇ ವರ್ಷದಲ್ಲಿ ಕಲಿಸುವ ಸಾಪೇಕ್ಷತಾ ಸೂತ್ರವೇ ಸಾಕು. ಪೋರ್ಟಲಿನ ಮೊದಲ ಗೆಲುವು ಇದು ಎಂದು ನನಗನಿಸುತ್ತದೆ. ಮಕ್ಕಳಿಗೆ ಗೊತ್ತಿರುವ ಸೂತ್ರದಿಂದಲೇ ಕೆಲಸ ಶುರುವಾಗುತ್ತದೆ.

ಮೊದಲ ಸಲ ಗ್ರಾಫ್ ಹಾಕಿದಾಗ ಏನೂ ಕಾಣುವುದಿಲ್ಲ. ಕಸ ತುಂಬಿರುತ್ತದೆ. ಆಮೇಲೆ ಆಯ್ಕೆ ಶುರು. ಮ್ಯುಆನ್ ಎಂದು ಗುರುತಾದದ್ದನ್ನು ಬಿಡು, ಕೇಯಾನ್ ಸಾಧ್ಯತೆ ಕಡಿಮೆ ಇರುವುದನ್ನು ಬಿಡು. ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಮಕ್ಕಳು ವಾದ ಮಾಡುತ್ತಿದ್ದಾಗ ಜೇವರ್ಗಿ ಕಡೆಯ ಒಬ್ಬ ಹುಡುಗಿ ಹೇಳಿದಳು: "ಮೇಡಂ, ಮನ್ಯಾಗ ತೊಗರಿ ಸಾಣಿಗಿ ಹಿಡ್ದಂಗೇ ಅದರೀ ಇದು. ಕಣ್ಣ ದೊಡ್ಡದಾದ್ರ ಕಾಳೂ ಹೋಗ್ತಾವ, ಸಣ್ಣದಾದ್ರ ಕಸಾನೂ ಉಳಿತದ." ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಸರಿಯಾದ ಹದಕ್ಕೆ ಬಂದಾಗ 5279 ಎಂಇವಿ ಹತ್ತಿರ ಒಂದು ಶಿಖರ ಎದ್ದು ನಿಲ್ಲುತ್ತದೆ. ಅದು ಬಿ ಮೆಸಾನ್. ಆಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಇದು ಖರೇನೇ ಆಗಿದ್ದೇನ್ರೀ ಮೇಡಂ, ಇಲ್ಲಾ ಕಂಪ್ಯೂಟರ್ ಮಾಡಿದ್ದ?" ಖರೇನೇ ಆಗಿದ್ದು ಎಂದು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೀ ಅಕ್ಷರವಾಗಿದ್ದ ಕಣ ಅದು.

ಇನ್ನು ಎಣಿಕೆ. ಬಿ ಪ್ಲಸ್ ಎಷ್ಟು, ಬಿ ಮೈನಸ್ ಎಷ್ಟು. ಒಂದು ದ್ರವ್ಯ, ಇನ್ನೊಂದು ಪ್ರತಿದ್ರವ್ಯ. ಇಬ್ಬರೂ ಒಂದೇ ರೀತಿ ನಡೆದುಕೊಂಡರೆ ಎರಡೂ ಸಮ ಬರಬೇಕು. ಬರುವುದಿಲ್ಲ. ಎಲ್‌ಎಚ್‌ಸಿಬಿಯವರ ಪ್ರಕಟವಾದ ಉತ್ತರ ಸುಮಾರು ಶೇ. 4ರ ವ್ಯತ್ಯಾಸ, ಬಿ ಪ್ಲಸ್ ಜಾಸ್ತಿ. 20 ಸಾವಿರ ಘಟನೆ ಇದ್ದರೆ ಎಣಿಕೆಯ ಅನಿಶ್ಚಿತತೆ 0.007ರಷ್ಟು. ಅಂದರೆ 0.04 ಅನ್ನುವುದು ಸುಮ್ನೆ ಆಕಸ್ಮಿಕವಾಗಿ ಬರುವ ಸಂಖ್ಯೆ ಅಲ್ಲ. ಈ ಅನಿಶ್ಚಿತತೆಯ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅದಿಲ್ಲದೆ ಎಣಿಕೆಗೆ ಅರ್ಥವಿಲ್ಲ.

ನನಗೆ ಇಡೀ ಕಟ್ಟಿನಲ್ಲಿ ಅತಿ ಇಷ್ಟವಾದದ್ದು ಇದರ ನಂತರದ ಹೆಜ್ಜೆ. ಡೇಟಾ ಎರಡು ಫೈಲುಗಳಲ್ಲಿ ಏಕಿದೆ? ಪ್ರಯೋಗದ ದೊಡ್ಡ ಮ್ಯಾಗ್ನೆಟ್ ಪ್ಲಸ್ ಕಣಗಳನ್ನು ಒಂದು ಕಡೆಗೆ, ಮೈನಸ್ ಕಣಗಳನ್ನು ಇನ್ನೊಂದು ಕಡೆಗೆ ಬಾಗಿಸುತ್ತದೆ. ಡಿಟೆಕ್ಟರಿನ ಒಂದು ಪಕ್ಕ ಸ್ವಲ್ಪ ಮಂದವಿದ್ದರೆ? ಆಗ ಪ್ರಕೃತಿಯಲ್ಲಿ ವ್ಯತ್ಯಾಸ ಇಲ್ಲದಿದ್ದರೂ ನಮಗೆ ವ್ಯತ್ಯಾಸ ಕಾಣುತ್ತದೆ. ಅದಕ್ಕೆ ಆಗಾಗ ಮ್ಯಾಗ್ನೆಟ್ಟಿನ ದಿಕ್ಕು ತಿರುಗಿಸಿ ಡೇಟಾ ತೆಗೆಯುತ್ತಾರೆ. ಒಂದು ಫೈಲ್ ಮೇಲ್ಮುಖ, ಇನ್ನೊಂದು ಕೆಳಮುಖ. ಎರಡರ ಉತ್ತರ ಬೇರೆ ಬೇರೆ ತೆಗೆದು ಹೋಲಿಸಿದಾಗ ಉಪಕರಣದ ಪಕ್ಷಪಾತ ಎಷ್ಟು ಎಂದು ಕಣ್ಣಿಗೆ ಕಾಣುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಡಿಕ್ಕಿ ಹೊಡೆಯುವುದು ಪ್ರೋಟಾನ್‌ಗಳು, ಅವುಗಳಲ್ಲಿ ಅಪ್ ಕ್ವಾರ್ಕ್ ಮೊದಲೇ ಇರುತ್ತದೆ. ಹಾಗಾಗಿ ಬಿ ಪ್ಲಸ್ ಮತ್ತು ಬಿ ಮೈನಸ್ ಹುಟ್ಟುವಾಗಲೇ ಪೂರ್ತಿ ಸಮ ಇರುವುದಿಲ್ಲ. ಕೇಯಾನ್ ಪ್ಲಸ್, ಕೇಯಾನ್ ಮೈನಸ್ ಎರಡೂ ಡಿಟೆಕ್ಟರಿನ ವಸ್ತುವಿನ ಜೊತೆ ಬೇರೆ ಬೇರೆ ರೀತಿ ವರ್ತಿಸುತ್ತವೆ. ವಿಜ್ಞಾನಿಗಳು ಇದನ್ನು ತಿದ್ದಲು ಬಿ ಮೆಸಾನ್ ಜೆ-ಸೈ (ಚಾರ್ಮ್ ಮತ್ತು ಅದರ ಪ್ರತಿಕ್ವಾರ್ಕ್ ಸೇರಿದ ಮೆಸಾನ್) ಮತ್ತು ಕೇಯಾನ್ ಆಗಿ ಒಡೆಯುವ ಘಟನೆಗಳನ್ನು ಬಳಸಿದರು. ಅಲ್ಲಿ ವ್ಯತ್ಯಾಸ ತೀರಾ ಕಡಿಮೆ ಎಂದು ಗೊತ್ತು, ಆದ್ದರಿಂದ ಅಲ್ಲಿ ಕಾಣುವ ವ್ಯತ್ಯಾಸ ಹೆಚ್ಚು ಕಡಿಮೆ ಉಪಕರಣದ್ದು ಮತ್ತು ಹುಟ್ಟಿನದ್ದು. ನಮ್ಮ ಪ್ರಾಕ್ಟಿಕಲ್ ರೆಕಾರ್ಡ್‌ಗಳಲ್ಲಿ 'ಮುನ್ನೆಚ್ಚರಿಕೆ' ಎಂದು ನಾಲ್ಕು ಸಾಲು ನಕಲು ಮಾಡುವುದು ರೂಢಿ. ಉಪಕರಣವನ್ನು ಅನುಮಾನಿಸುವುದು ಅಂದರೆ ನಿಜವಾಗಿ ಏನು ಎಂದು ಮಕ್ಕಳಿಗೆ ಮೊದಲ ಸಲ ಗೊತ್ತಾದದ್ದು ಇಲ್ಲಿ.

ಕೊನೆಯ ಹೆಜ್ಜೆಯಲ್ಲಿ ಡ್ಯಾಲಿಟ್ಜ್ ಗ್ರಾಫ್ ಇದೆ. ಮೂರು ಕೇಯಾನ್‌ಗಳಲ್ಲಿ ಎರಡೆರಡನ್ನು ಜೋಡಿ ಮಾಡಿ ಅವುಗಳ ದ್ರವ್ಯರಾಶಿಯ ವರ್ಗ ತೆಗೆದು ಹಾಕುವುದು. ಫೈ ಮೆಸಾನಿನ ಪಟ್ಟಿ ಅಲ್ಲಿ ಕಾಣುತ್ತದೆ. ಚಾರ್ಮ್ ಇರುವ ಡಿ ಸೊನ್ನೆ ಮೆಸಾನಿನ ಗೆರೆಯನ್ನು ನಾವು ತೆಗೆದುಹಾಕಬೇಕು, ಏಕೆಂದರೆ ಅದು ಬೇರೆ ದಾರಿ. ಉಳಿದ ಜಾಗವನ್ನು ಚೌಕ ಮಾಡಿ ಚೌಕಕ್ಕೊಂದು ವ್ಯತ್ಯಾಸ ತೆಗೆದರೆ ಒಂದು ಅಚ್ಚರಿ ಕಾದಿರುತ್ತದೆ. ಒಟ್ಟಿನಲ್ಲಿ ಶೇ. 4 ಇದ್ದದ್ದು ಕೆಲವು ಕಡೆ ಶೇ. 20 ದಾಟುತ್ತದೆ. ಎಲ್‌ಎಚ್‌ಸಿಬಿಯವರು 2013ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಇಲ್ಲಿ ಆತುರ ಬೇಡ, ಎರಡು ಪ್ರಾಕ್ಟಿಕಲ್ ತರಗತಿಯಾದರೂ ಇದಕ್ಕೆ ಇಡಿ.

ಹಾಗಾದರೆ ಸಿಕೆಎಂ ಮ್ಯಾಟ್ರಿಕ್ಸಿನ ಸಂಖ್ಯೆ ಇದರಿಂದ ಬರುತ್ತದೆಯೇ? ನೇರವಾಗಿ ಬರುವುದಿಲ್ಲ. ಕಲಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಬಿ ಮೆಸಾನ್ ಮೂರು ಕೇಯಾನ್ ಆಗಲು ಎರಡು ದಾರಿಗಳಿವೆ. ಒಂದರಲ್ಲಿ ಬಾಟಮ್ ನೇರ ಅಪ್ ಆಗುತ್ತದೆ. ಇನ್ನೊಂದರಲ್ಲಿ ನಡುವೆ ಟಾಪ್ ಕ್ವಾರ್ಕ್ ಬಂದುಹೋಗುತ್ತದೆ. ಎರಡೂ ದಾರಿ ಕೂಡಿದಾಗ ಅವುಗಳ ನಡುವಿನ, ಮ್ಯಾಟ್ರಿಕ್ಸಿನ ಫೇಸಿನಿಂದ ಬರುವ ಗಾಮಾ ಎಂಬ ಕೋನ ಎಣಿಕೆಯಲ್ಲಿ ವ್ಯತ್ಯಾಸವಾಗಿ ಕಾಣುತ್ತದೆ. ಆದರೆ ಪ್ರಬಲ ಬಲದಿಂದ ಬರುವ ಇನ್ನೊಂದು ಫೇಸ್ ಅದರ ಜೊತೆ ಹೆಣೆದುಕೊಂಡಿರುತ್ತದೆ, ಅದನ್ನು ಬಿಡಿಸುವುದು ಕಷ್ಟ. ಹಾಗಾಗಿ ಗಾಮಾ ಅಳೆಯಲು ಬಿ ಮೆಸಾನ್ ಡಿ ಮೆಸಾನ್ ಮತ್ತು ಕೇಯಾನ್ ಆಗಿ ಒಡೆಯುವುದನ್ನು ನೋಡುತ್ತಾರೆ. ಅಲ್ಲಿ ಟಾಪಿನ ದಾರಿ ಇಲ್ಲ, ಬೇಕಾದ ಎಲ್ಲವನ್ನೂ ಡೇಟಾದಿಂದಲೇ ತೆಗೆಯಬಹುದು. ಈಗಿನ ಉತ್ತರ 65 ಡಿಗ್ರಿ ಹತ್ತಿರ, ಮೂರು ಡಿಗ್ರಿ ಆಚೀಚೆ. ಬೀಟಾ ಎಂಬ ಇನ್ನೊಂದು ಕೋನವನ್ನು ಅಮೆರಿಕದ ಬಾಬರ್ ಮತ್ತು ಜಪಾನಿನ ಬೆಲ್ ಪ್ರಯೋಗಗಳು ಅಳೆದವು. ಬಿ ಮೆಸಾನಿನಲ್ಲಿ ದ್ರವ್ಯ ಮತ್ತು ಪ್ರತಿದ್ರವ್ಯಕ್ಕೆ ವ್ಯತ್ಯಾಸವಿದೆ ಎಂದು 2001ರಲ್ಲಿ ಖಚಿತ ಮಾಡಿದ್ದು ಅವೇ. ಈ ಕಟ್ಟಿನಿಂದ ನಮ್ಮ ಮಕ್ಕಳಿಗೆ ಸಿಗುವುದು ಮ್ಯಾಟ್ರಿಕ್ಸಿನ ಆ ಫೇಸ್ ಸೊನ್ನೆಯಲ್ಲ ಎನ್ನುವ ಸಾಕ್ಷಿ. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಸಂಖ್ಯೆಯೇ ಬೇಕು ಎನ್ನುವವರಿಗೆ ನಾನು ಬೋರ್ಡಿನ ಮೇಲೆ ಮಾಡಿಸುವ ಒಂದು ಲೆಕ್ಕ ಕೊಡುತ್ತೇನೆ. ಪೋರ್ಟಲ್ ಕೆಲಸದ ಜೊತೆ ಇದನ್ನು ಸೇರಿಸಿ, ಬಹಳ ಚೆನ್ನಾಗಿ ಕೂಡುತ್ತದೆ. ಮ್ಯುಆನ್ 2.2 ಮೈಕ್ರೋಸೆಕೆಂಡ್ ಬದುಕುತ್ತದೆ, ಅದರ ದ್ರವ್ಯರಾಶಿ 105.7 ಎಂಇವಿ. ಬಾಟಮ್ ಕ್ವಾರ್ಕ್ ಸುಮಾರು 4.8 ಜಿಇವಿ (ಒಂದು ಜಿಇವಿ ಸಾವಿರ ಎಂಇವಿ), ಅಂದರೆ 45 ಪಟ್ಟು ಭಾರ. ಒಡೆಯುವ ವೇಗ ದ್ರವ್ಯರಾಶಿಯ ಐದನೇ ಘಾತದಂತೆ ಏರುತ್ತದೆ: ಸುಮಾರು 19 ಕೋಟಿ ಪಟ್ಟು. ಬಾಟಮ್ ಚಾರ್ಮ್ ಆಗುವಾಗ ಹೊರಬರುವ ಜೋಡಿಗಳಿಗೆ ಒಂಬತ್ತು ದಾರಿ. ಮೂರು ಲೆಪ್ಟಾನ್‌ನವು, ಅಂದರೆ ಎಲೆಕ್ಟ್ರಾನ್, ಮ್ಯುಆನ್, ಟೌ ಜಾತಿಯವು; ಎರಡು ಕ್ವಾರ್ಕ್ ಜೋಡಿಗಳಿಗೆ ಮೂರು ಮೂರು 'ಬಣ್ಣ' (ಕ್ವಾರ್ಕ್‌ಗಳ ಒಂದು ಗುಣದ ಹೆಸರು). ಬಾಟಮ್‌ನಿಂದ ಚಾರ್ಮ್‌ಗೆ ಹೋಗುವ ಅಂಶ, ಅಂದರೆ ವಿಸಿಬಿ, ಒಂದು ಆಗಿದ್ದರೆ ಬಿ ಮೆಸಾನ್ ಬರೀ 0.0013 ಪಿಕೋಸೆಕೆಂಡ್ ಬದುಕಬೇಕಿತ್ತು. ನಿಜವಾಗಿ ಬದುಕುವುದು 1.5 ಪಿಕೋಸೆಕೆಂಡ್. ಸುಮಾರು 1200 ಪಟ್ಟು ಜಾಸ್ತಿ. ವರ್ಗಮೂಲ ತೆಗೆದರೆ ವಿಸಿಬಿ 0.03 ಹತ್ತಿರ. ಚಾರ್ಮ್ ಕೂಡ ಭಾರವಾದದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ ಎಂದು ಸೇರಿಸಿದರೆ 0.04. ಕಣಗಳ ಅಳತೆಗಳನ್ನೆಲ್ಲ ಒಟ್ಟುಮಾಡಿ ಪ್ರಕಟಿಸುವ ಪಾರ್ಟಿಕಲ್ ಡೇಟಾ ಗ್ರೂಪಿನ ಪಟ್ಟಿಯಲ್ಲಿರುವುದೂ ಸುಮಾರು 0.041! ಇನ್ನೂ ತಿದ್ದುಪಡಿಗಳಿವೆ, ಕೆಲವು ಮೇಲೆ ತಳ್ಳುತ್ತವೆ, ಕೆಲವು ಕೆಳಗೆ. ಆದರೂ ಚಾಕ್‌ಪೀಸಿನಲ್ಲಿ ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು. 1983ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯ ಸ್ಲಾಕ್‌ನಲ್ಲಿ ಎರಡು ತಂಡಗಳು ಈ ಆಯುಸ್ಸನ್ನು ಅಳೆದಾಗ ಎಲ್ಲರಿಗೂ ಆಶ್ಚರ್ಯವಾಗಿತ್ತು. ಅಷ್ಟು ದೀರ್ಘ ಇರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಹಾಗೆ ದೀರ್ಘವಾಗಿರುವುದರಿಂದಲೇ ಎಲ್‌ಎಚ್‌ಸಿಬಿಯಲ್ಲಿ ಬಿ ಮೆಸಾನ್ ಒಡೆಯುವ ಮೊದಲು ಸೆಂಟಿಮೀಟರಿನಷ್ಟು ದೂರ ಹೋಗುತ್ತದೆ, ನಮ್ಮ ಫೈಲಿನಲ್ಲಿ ಅದನ್ನು ಗುರುತಿಸಿ ಆರಿಸಲು ಆಗುತ್ತದೆ.

ಆ ಪಟ್ಟಿಯ 0.041ರ ಹಿಂದೆಯೂ ಒಂದು ಬಗೆಹರಿಯದ ತೊಡಕಿದೆ, ಮಕ್ಕಳಿಗೆ ಅದನ್ನು ಮುಚ್ಚಿಡಬೇಡಿ. ಬಿ ಮೆಸಾನ್ ಒಂದು ಲೆಪ್ಟಾನ್, ಒಂದು ನ್ಯೂಟ್ರಿನೊ ಮತ್ತು ಚಾರ್ಮ್ ಇರುವ ಯಾವುದೋ ಕಣಗಳಾಗಿ ಒಡೆಯುವುದನ್ನೆಲ್ಲ ಒಟ್ಟಿಗೆ ಎಣಿಸಿದರೆ ವಿಸಿಬಿ 0.042ರಷ್ಟು ಬರುತ್ತದೆ. ಡಿ ಸ್ಟಾರ್ ಎಂಬ ಒಂದೇ ಕಣದ ದಾರಿಯಂಥವನ್ನು ಬಿಡಿಯಾಗಿ ನೋಡಿದರೆ 0.039ರಿಂದ 0.040. ಬಾಟಮ್ ಅಪ್ ಆಗುವ ಸಂಖ್ಯೆಯಲ್ಲೂ ಇದೇ ಕಥೆ: ಒಟ್ಟಾಗಿ 0.0041, ಬಿಡಿಯಾಗಿ 0.0037. ಬಿಡಿ ದಾರಿಗೆ ಕ್ವಾರ್ಕ್‌ಗಳು ಮೆಸಾನ್ ಒಳಗೆ ಹೇಗಿವೆ ಎನ್ನುವ ಲೆಕ್ಕ ಬೇಕು, ಅದನ್ನು ದೊಡ್ಡ ಕಂಪ್ಯೂಟರ್‌ಗಳಲ್ಲಿ ಲ್ಯಾಟಿಸ್ ವಿಧಾನದಿಂದ ಮಾಡುತ್ತಾರೆ. ಒಟ್ಟು ಎಣಿಕೆಗೆ ಬೇರೆಯೇ ಲೆಕ್ಕ. ಎರಡರಲ್ಲಿ ಯಾವುದೋ ಒಂದು ಕಡೆ ಏನೋ ಬಿಟ್ಟುಹೋಗಿರಬಹುದು. ಜಪಾನಿನ ತ್ಸುಕುಬಾದಲ್ಲಿ ನಡೆಯುತ್ತಿರುವ ಬೆಲ್ 2 ಪ್ರಯೋಗ ಇದನ್ನೂ ನೋಡುತ್ತಿದೆ. ಅದರ ಸಿಲಿಕಾನ್ ಡಿಟೆಕ್ಟರಿನ ಒಂದು ಪದರ ಕಟ್ಟಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್). ನಮ್ಮ ಸ್ಟೇಷನ್ನಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಇದನ್ನು ಕ್ಲಾಸಿನಲ್ಲಿ ಬೇಕೆಂದೇ ಹೇಳುತ್ತೇನೆ. ಈ ಕೆಲಸ ಮಾಡುವವರು ಬೇರೆ ಲೋಕದವರು ಎಂಬ ಭಾವನೆ ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಆಳವಾಗಿ ಕೂತಿದೆ.

ಭಾಷೆಯ ಬಗ್ಗೆ ಒಂದು ಮಾತು. ವಿವರಣೆ ಎಲ್ಲಾ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ನಾನು ಪ್ರತಿ ಹೆಜ್ಜೆಗೂ ಕನ್ನಡದಲ್ಲಿ ಎರಡು ಸಾಲು ಬರೆದು ನೋಟ್‌ಬುಕ್ಕಿನೊಳಗೇ ಸೇರಿಸಿದ್ದೇನೆ. ಪೈಥಾನ್ ಕೋಡ್ ಅವರಿಗೆ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಇಂಗ್ಲಿಷ್ ಪ್ಯಾರಾಗಳು. ಪೈಥಾನ್ ಒಮ್ಮೆಯೂ ನೋಡದವರಾದರೆ ಮೊದಲು ಒಂದು ವಾರ ಬರೀ ಹಿಸ್ಟೋಗ್ರಾಮ್ ಹಾಕುವುದನ್ನು ಅಭ್ಯಾಸ ಮಾಡಿಸಿ, ಆಮೇಲೆ ಈ ಕಟ್ಟಿಗೆ ಬನ್ನಿ.

ಪೂರ್ತಿ ಹೊಸಬರಿಗೆ ಇದೇ ಪೋರ್ಟಲಿನಲ್ಲಿ ಎಲ್‌ಎಚ್‌ಸಿಬಿಯ ಇನ್ನೊಂದು ಸುಲಭದ ಕೆಲಸವಿದೆ: ಡಿ ಸೊನ್ನೆ ಮೆಸಾನಿನ ಆಯುಸ್ಸು ಅಳೆಯುವುದು. ಹೈಸ್ಕೂಲ್ ಮುಗಿಸಿದವರೂ ಮಾಡಬಹುದು. ಉತ್ತರ 0.41 ಪಿಕೋಸೆಕೆಂಡ್ ಹತ್ತಿರ ಬರಬೇಕು. ಮುಂದಿನ ಸೆಮಿಸ್ಟರಿಗೆ ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ: ಮೊದಲು ಡಿ ಸೊನ್ನೆ ಆಯುಸ್ಸು, ಆಮೇಲೆ ಬೋರ್ಡಿನ ವಿಸಿಬಿ ಲೆಕ್ಕ, ಕೊನೆಗೆ ಮೂರು ಕೇಯಾನ್‌ಗಳ ಎಣಿಕೆ. ಬಿಸಿಲು ಏರುವ ಮೊದಲು, ಫೆಬ್ರುವರಿಯೊಳಗೆ ಮುಗಿಸಿ. ಏಪ್ರಿಲ್ ಮಧ್ಯಾಹ್ನ ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರೂ ಕೂರುವುದಿಲ್ಲ, ಮಕ್ಕಳೂ ಕೂರುವುದಿಲ್ಲ. ಬೀದರ್, ಯಾದಗಿರಿ ಕಡೆಯ ಮೇಷ್ಟ್ರುಗಳು ಯಾರಾದರೂ ಶುರು ಮಾಡುವುದಾದರೆ ಎರಡೂ ಮ್ಯಾಗ್ನೆಟ್ ಫೈಲುಗಳನ್ನು ತಪ್ಪದೆ ಇಳಿಸಿಕೊಳ್ಳಿ. ಒಂದೇ ಫೈಲಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಈ ಕಟ್ಟಿನ ಜೀವ ಇರುವುದು ಎರಡನ್ನೂ ಹೋಲಿಸುವುದರಲ್ಲಿ.